ರಾಡ್ ಗಟ್ಟಿ ಐತಿ, ಎಲುಬೂ ಗಟ್ಟಿ ಆಗಾಕತ್ತೈತಿ. ಮತ್ತ ಕೀವು ಎಲ್ಲಿಂದ ಬಂತು?

ಕಾಲು ಮುರಿದು ರಾಡ್ ಹಾಕಿಸಿಕೊಂಡವರು, ಮೊಣಕಾಲು ಬದಲಿಸಿಕೊಂಡವರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಇದ್ದೇ ಇರ್ತಾರೆ. ನಮ್ಮ ತಾಳಿಕೋಟೆಯಂಥ ಊರಲ್ಲಿ ಬೈಕುಗಳು ಹೆಚ್ಚಾದಂತೆ ರಾಡು, ಪ್ಲೇಟು, ಸ್ಕ್ರೂ ಅನ್ನೋ ಪದಗಳು ಗ್ಯಾರೇಜಿನಿಂದ ಎದ್ದು ಮನೆಯೊಳಗೆ ಬಂದು ಕೂತಿವೆ. ಆಪರೇಷನ್ನಿಗೆ ವಿಜಯಪುರಕ್ಕೋ ಬಾಗಲಕೋಟೆಗೋ ಸೊಲ್ಲಾಪುರಕ್ಕೋ ಹೋಗ್ತಾರೆ, ಹೊಲಿಗೆ ಬಿಚ್ಚಿಸಿಕೊಂಡು ಬರ್ತಾರೆ, ನಾಲ್ಕು ತಿಂಗಳಲ್ಲಿ ಮತ್ತೆ ಹೊಲಕ್ಕೆ ಇಳೀತಾರೆ. ಬಹುತೇಕ ಎಲ್ಲರ ಕಥೆಯೂ ಇಷ್ಟೇ, ಸುಖಾಂತ.

ಕೆಲವರದ್ದು ಹಾಗಾಗಲ್ಲ. ನನ್ನ ಕಾಕಾ ಅಂಥವರಲ್ಲಿ ಒಬ್ಬರು. ಮೊಣಕಾಲ ಕೆಳಗಿನ ಎಲುಬು ಮುರಿದು ರಾಡ್ ಹಾಕಿದ್ದರು. ಐದನೇ ತಿಂಗಳಲ್ಲಿ ಹಳೇ ಗಾಯದ ಹತ್ತಿರ ಸಣ್ಣ ತೂತು ಬಿದ್ದು ಕೀವು ಸುರಿಯೋಕೆ ಶುರುವಾಯ್ತು. ಮಾತ್ರೆ ನುಂಗಿದಾಗ ನಿಲ್ಲೋದು, ಬಿಟ್ಟ ಮೇಲೆ ಮತ್ತೆ ಬರೋದು. ಕೊನೆಗೆ ರಾಡ್ ತೆಗೆದು, ಒಳಗೆಲ್ಲ ಕೆರೆದು ತೊಳೆದು, ಆ್ಯಂಟಿಬಯಾಟಿಕ್ ತುಂಬಿದ ಸಿಮೆಂಟಿನ ಮಣಿಗಳನ್ನಿಟ್ಟು, ಆರು ವಾರ ಬಿಟ್ಟು ಇನ್ನೊಂದು ರಾಡ್ ಹಾಕಬೇಕಾಯ್ತು. ಆ ವರ್ಷದ ತೊಗರಿ ರಾಶಿಯನ್ನು ಕಾಕಾ ಮಂಚದ ಮೇಲಿಂದಲೇ ಮಾಡಿಸಿದರು.

ಅವರು ಡಾಕ್ಟರಿಗೆ ಕೇಳಿದ್ದು ಒಂದೇ ಮಾತು. ‘ಸರ್, ರಾಡ್ ಗಟ್ಟಿ ಐತಿ ಅಂತೀರಿ. ಎಲುಬೂ ಗಟ್ಟಿ ಆಗಾಕತ್ತೈತಿ ಅಂತೀರಿ. ಮತ್ತ ಕೀವು ಎಲ್ಲಿಂದ ಬಂತ್ರಿ?’

ನಾನು ಓದಿದ್ದು ಎಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್ ಕೆಲಸ. ಆದರೂ ಆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಅದರ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕಿದ್ದು ಬೆಳ್ಳಿ, ತಾಮ್ರ, ಸತುವು ಮತ್ತು ಎಲುಬಿನ ಹರಳು ಸೇರಿರುವ ಒಂದು ವಿಜ್ಞಾನ. ಅದರ ಒಂದು ತುದಿ ನಮ್ಮೂರ ಬೋರ್‌ವೆಲ್ ನೀರಿನಲ್ಲೂ ಇದೆ.

ಟವೆಲ್ ಹಾಕಿದವರಿಗೆ ಸೀಟು

ಬಸ್ ಸ್ಟ್ಯಾಂಡಿನಲ್ಲಿ ಬಸ್ ಇನ್ನೂ ನಿಂತಿರಲ್ಲ, ಆಗಲೇ ಕಿಟಕಿಯಿಂದ ಟವೆಲ್ ಒಳಗೆ ಬಿದ್ದಿರುತ್ತೆ. ದೇಹದೊಳಗೆ ಲೋಹ ಹೋದಾಗಲೂ ಇದೇ ಆಗೋದು. ಒಂದು ಕಡೆ ನಮ್ಮ ಎಲುಬಿನ ಜೀವಕೋಶಗಳು, ಇನ್ನೊಂದು ಕಡೆ ಚರ್ಮದಿಂದಲೋ ಗಾಳಿಯಿಂದಲೋ ರಕ್ತದಿಂದಲೋ ಬಂದ ನಾಲ್ಕಾರು ಬ್ಯಾಕ್ಟೀರಿಯಾ. ಲೋಹದ ಮೇಲ್ಮೈಯನ್ನು ಯಾರು ಮೊದಲು ಹಿಡೀತಾರೋ ಜಾಗ ಅವರದ್ದು. ಅಮೆರಿಕದ ಮೂಳೆ ತಜ್ಞ ಆಂಥನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ‘ಮೇಲ್ಮೈಗಾಗಿ ಓಟ’ ಎಂದು ಕರೆದರು. ಈ ಕ್ಷೇತ್ರದಲ್ಲಿ ಇವತ್ತಿಗೂ ಆ ಮಾತೇ ಚಾಲ್ತಿಯಲ್ಲಿದೆ.

ಬ್ಯಾಕ್ಟೀರಿಯಾ ಗೆದ್ದರೆ ಸುಮ್ಮನೆ ಕೂರಲ್ಲ. ತಮ್ಮ ಸುತ್ತ ಅಂಟಂಟಾದ ಒಂದು ಪದರ ಕಟ್ಟಿಕೊಳ್ಳುತ್ತವೆ. ಇದಕ್ಕೆ ಬಯೋಫಿಲ್ಮ್ ಅಂತಾರೆ. ಎರಡು ದಿನ ತೊಳೆಯದೇ ಬಿಟ್ಟ ನೀರಿನ ಕೊಡದ ಒಳಗೆ ಬೆರಳಾಡಿಸಿದರೆ ಜಾರುತ್ತದಲ್ಲ, ಆ ಜಾತಿಯದ್ದೇ. ಈ ಪದರದೊಳಗೆ ಕೂತ ಬ್ಯಾಕ್ಟೀರಿಯಾವನ್ನು ಕೊಲ್ಲಲು ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಆ್ಯಂಟಿಬಯಾಟಿಕ್ ಬೇಕು. ಅಷ್ಟು ಔಷಧ ರಕ್ತಕ್ಕೆ ಕೊಟ್ಟರೆ ಮನುಷ್ಯನೇ ತಡೆಯಲ್ಲ. ಜೊತೆಗೆ ಲೋಹದೊಳಗೆ ರಕ್ತನಾಳ ಇಲ್ಲ. ಬಿಳಿ ರಕ್ತಕಣಗಳು ಅಲ್ಲಿಗೆ ಹೋಗಿ ಹೋರಾಡೋದೂ ಕಷ್ಟ.

ಹೊರಗಿನ ವಸ್ತುವೊಂದು ದೇಹದಲ್ಲಿದ್ದರೆ ಎಷ್ಟು ವ್ಯತ್ಯಾಸ ಆಗುತ್ತೆ ಅಂತ 1957ರಲ್ಲೇ ಎಲೆಕ್ ಮತ್ತು ಕೊನೆನ್ ಎಂಬ ಇಬ್ಬರು ತೋರಿಸಿದ್ದರು. ಸ್ವಯಂಸೇವಕರ ಚರ್ಮದಲ್ಲಿ ಕೀವು ಹುಟ್ಟಿಸಲು ಹತ್ತು ಲಕ್ಷಕ್ಕೂ ಹೆಚ್ಚು ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಬೇಕಾಗ್ತಿತ್ತು. ಅದೇ ಜಾಗದಲ್ಲಿ ಒಂದು ರೇಷ್ಮೆ ಹೊಲಿಗೆ ದಾರ ಇದ್ದರೆ ಕೆಲವೇ ನೂರು ಸಾಕಾಯ್ತು. ದಾರಕ್ಕೇ ಹೀಗಾದರೆ ಒಂದು ಅಡಿ ಉದ್ದದ ರಾಡಿಗೆ ಹೇಗೆ?

ಕಾಕಾನ ಪ್ರಶ್ನೆಗೆ ಉತ್ತರ ಇಲ್ಲಿದೆ. ರಾಡ್ ಗಟ್ಟಿ, ಎಲುಬು ಗಟ್ಟಿ, ಎರಡೂ ನಿಜ. ಕೀವು ಬಂದಿದ್ದು ಇವೆರಡರ ನಡುವಿನ, ಕಣ್ಣಿಗೆ ಕಾಣದ ಮೇಲ್ಮೈಯಿಂದ.

ಸೊಂಟ ಮತ್ತು ಮೊಣಕಾಲು ಬದಲಿಸುವ ಮೊದಲ ಸಲದ ಶಸ್ತ್ರಚಿಕಿತ್ಸೆಯಲ್ಲಿ ಇಂಥ ಸೋಂಕು ಸುಮಾರು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಬರುತ್ತೆ. ಚರ್ಮ ಹರಿದು ಎಲುಬು ಹೊರಗೆ ಬಂದ ಅಪಘಾತಗಳಲ್ಲಿ ಅದಕ್ಕಿಂತ ಹೆಚ್ಚು. ಕೇಳೋಕೆ ಸಣ್ಣ ಸಂಖ್ಯೆ. ಆ ನೂರರಲ್ಲಿ ಒಬ್ಬರು ನಮ್ಮ ಮನೆಯವರಾದಾಗ ಗೊತ್ತಾಗುತ್ತೆ ಅದರ ತೂಕ.

ಲೋಹಕ್ಕೆ ಎಲುಬಿನ ಅಂಗಿ

ನಮ್ಮ ಎಲುಬಿನ ತೂಕದ ಸುಮಾರು ಮೂರನೇ ಎರಡು ಭಾಗ ಖನಿಜ. ಅದು ಹೈಡ್ರಾಕ್ಸಿಅಪಟೈಟ್ ಎಂಬ ಹರಳನ್ನೇ ಹೋಲುತ್ತೆ. ಇದರಲ್ಲಿ ಹತ್ತು ಕ್ಯಾಲ್ಸಿಯಂಗೆ ಆರು ಫಾಸ್ಫೇಟ್, ಎರಡು ಹೈಡ್ರಾಕ್ಸಿಲ್. ಇದನ್ನು ಲ್ಯಾಬಿನಲ್ಲೂ ಮಾಡಬಹುದು. ದೇಹ ಒಪ್ಪಿಕೊಳ್ಳುವ ಇಂಥ ಪಿಂಗಾಣಿ ಜಾತಿಯ ವಸ್ತುಗಳಿಗೆ ಬಯೋಸೆರಾಮಿಕ್ ಅಂತ ಹೆಸರು.

ಟೈಟಾನಿಯಂ ಗಟ್ಟಿ, ಹಗುರ, ತುಕ್ಕು ಹಿಡಿಯಲ್ಲ. ಆದರೆ ಎಲುಬಿಗೆ ಅದು ಹೊರಗಿನವರೇ. ಅದಕ್ಕೇ 1980ರ ದಶಕದ ಮಧ್ಯದಲ್ಲಿ ಯುರೋಪಿನ ವೈದ್ಯರು ಸೊಂಟದ ಇಂಪ್ಲಾಂಟಿನ ಮೇಲೆ ಹೈಡ್ರಾಕ್ಸಿಅಪಟೈಟ್ ಲೇಪಿಸಿ ಹಾಕಲು ಶುರು ಮಾಡಿದರು. ಪುಡಿಯನ್ನು ಹತ್ತು ಸಾವಿರ ಡಿಗ್ರಿ ದಾಟುವ ಪ್ಲಾಸ್ಮಾ ಜ್ವಾಲೆಯ ಮೂಲಕ ಲೋಹದ ಮೇಲೆ ಚಿಮ್ಮಿಸ್ತಾರೆ. ಅರ್ಧ ಕರಗಿದ ಕಣಗಳು ಬಡಿದು, ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಪದರದ ದಪ್ಪ ಸಾಮಾನ್ಯವಾಗಿ 50ರಿಂದ 200 ಮೈಕ್ರಾನ್, ಅಂದರೆ ಒಂದೆರಡು ಕೂದಲೆಳೆಯಷ್ಟು. ಎಲುಬಿನ ಜೀವಕೋಶಗಳು ಇದನ್ನು ತಮ್ಮದೇ ಮನೆ ಅಂದುಕೊಂಡು ಬಂದು ಅಂಟಿಕೊಳ್ಳುತ್ತವೆ. ಇವತ್ತು ಸಿಮೆಂಟ್ ಇಲ್ಲದೆ ಕೂರಿಸುವ ಸೊಂಟದ ಕೀಲುಗಳಲ್ಲಿ, ಹೊರಗಿನಿಂದ ಎಲುಬು ಹಿಡಿದಿಡುವ ಚೌಕಟ್ಟಿನ ಪಿನ್ನುಗಳಲ್ಲಿ ಈ ಲೇಪನ ಬಳಕೆಯಲ್ಲಿದೆ.

ತೊಂದರೆ ಏನಪ್ಪಾ ಅಂದ್ರೆ, ಈ ಮನೆ ಬ್ಯಾಕ್ಟೀರಿಯಾಕ್ಕೂ ಇಷ್ಟ. ಉರುಟಾದ, ಸಣ್ಣ ಸಣ್ಣ ತೂತುಗಳಿರುವ, ಪ್ರೋಟೀನ್ ಅಂಟುವ ಮೇಲ್ಮೈ ಅವಕ್ಕೂ ಒಳ್ಳೆಯ ತಾಣ. ಹಾಗಾದರೆ ಎಲುಬಿಗೆ ಬಾಗಿಲು ತೆರೆದು ಬ್ಯಾಕ್ಟೀರಿಯಾಕ್ಕೆ ಮುಚ್ಚೋದು ಹೇಗೆ?

ನಮ್ಮ ಬೋರಿನ ನೀರಿನ ಪಾಠ

ಈ ಪ್ರಶ್ನೆಗೆ ದಾರಿ ತೋರಿಸೋದು ಆ ಹರಳಿನ ಒಂದು ಗುಣ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ.

ವಿಜಯಪುರ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ನಡೆಯುತ್ತೆ. ಅದಕ್ಕಿಂತ ಹೆಚ್ಚಿರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳೋದನ್ನು ನಾವೆಲ್ಲ ನೋಡಿದ್ದೇವೆ. ಬರೀ ಕಲೆ ಅಂತ ಉಜ್ಜಿದರೆ ಹೋಗಲ್ಲ, ಯಾಕಂದ್ರೆ ಅದು ಮೇಲೆ ಅಂಟಿದ್ದಲ್ಲ. ಹಲ್ಲು ಕಟ್ಟುವ ಹೊತ್ತಿನಲ್ಲೇ ಫ್ಲೋರೈಡ್ ಹಲ್ಲಿನ ಹರಳಿನೊಳಗೆ ಹೋಗಿ, ಹೈಡ್ರಾಕ್ಸಿಲ್ ಕೂರಬೇಕಾದ ಜಾಗದಲ್ಲಿ ತಾನು ಕೂತಿರುತ್ತೆ.

ಎಲುಬಿನ ಹರಳಿನ ಗುಣವೇ ಇದು. ಬಾಗಿಲು ಹಾಕದ ಮನೆ. ಗಾತ್ರ, ವಿದ್ಯುದಂಶ ಸರಿಸುಮಾರು ಹೊಂದಿದರೆ ಹೊರಗಿನ ಅಯಾನ್‌ಗೂ ಒಳಗೆ ಜಾಗ ಕೊಡುತ್ತೆ. ಫ್ಲೋರೈಡ್ ಸ್ವಲ್ಪ ಬಂದರೆ ಹಲ್ಲು ಹುಳುಕಾಗೋದು ಕಡಿಮೆ. ಟೂತ್‌ಪೇಸ್ಟಿನಲ್ಲಿ ಅದನ್ನು ಹಾಕೋದು ಅದಕ್ಕೇ. ಅತಿಯಾಗಿ, ವರ್ಷಗಟ್ಟಲೆ ಬಂದರೆ ಎಲುಬು ನೋಡಲು ದಟ್ಟ, ಒಳಗೆ ಪೆಡಸು, ಕೀಲು ಬಿಗಿ. ಒಂದೇ ಧಾತು, ಒಂದೇ ಹರಳು. ಔಷಧವೋ ವಿಷವೋ ಅನ್ನೋದು ಅಳತೆಯ ಮಾತು.

ವಿಜ್ಞಾನಿಗಳು ಮಾಡಿದ್ದು ಇದೇ ಗುಣವನ್ನು ನಮ್ಮ ಲಾಭಕ್ಕೆ ತಿರುಗಿಸಿದ್ದು. ಕ್ಯಾಲ್ಸಿಯಂ ಕೂರುವ ಕೆಲವು ಜಾಗಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಲೋಹದ ಅಯಾನ್ ಕೂರಿಸಿದರೆ? ಲೇಪನ ನಿಧಾನಕ್ಕೆ ಕರಗುತ್ತಾ ಅದನ್ನು ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡುತ್ತೆ. ಔಷಧ ಬೇಕಿರೋದು ಎಲ್ಲಿ? ಆ ಮೇಲ್ಮೈಯಲ್ಲಿ. ಸಿಗೋದೂ ಅಲ್ಲೇ.

ಬೆಳ್ಳಿ, ತಾಮ್ರ, ಸತುವು

ಮಗುವಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸೋದು, ತಾಮ್ರದ ಬಿಂದಿಗೆಯಲ್ಲಿ ನೀರಿಡೋದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಹಳೇ ರೂಢಿಯನ್ನೆಲ್ಲ ವಿಜ್ಞಾನ ಅಂತ ಹೊಗಳೋ ಅಭ್ಯಾಸ ನನಗಿಲ್ಲ. ಆದರೆ ಈ ಲೋಹಗಳ ಅಯಾನ್‌ಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆ ಅನ್ನೋದು ಅಳೆದು ನೋಡಿದ ಸತ್ಯ. ತಾಮ್ರದ ಮಿಶ್ರಲೋಹಗಳನ್ನು ರೋಗಾಣು ಕೊಲ್ಲುವ ಮೇಲ್ಮೈ ಅಂತ ಅಮೆರಿಕದ ಪರಿಸರ ಸಂಸ್ಥೆ 2008ರಲ್ಲೇ ನೋಂದಾಯಿಸಿತ್ತು.

ಬೆಳ್ಳಿ ಇವುಗಳಲ್ಲಿ ಜೋರು. ಬ್ಯಾಕ್ಟೀರಿಯಾದ ಪ್ರೋಟೀನ್‌ಗಳಲ್ಲಿರುವ ಗಂಧಕದ ಕೊಂಡಿಗಳಿಗೆ ಅಂಟಿಕೊಂಡು ಅದರ ಉಸಿರಾಟ ನಿಲ್ಲಿಸುತ್ತೆ, ಹೊರಪೊರೆ ಹಾಳು ಮಾಡುತ್ತೆ. ಒಂದೇ ಗುರಿಗೆ ಹೊಡೆಯುವ ಆ್ಯಂಟಿಬಯಾಟಿಕ್‌ಗಿಂತ ಇದು ಹಲವು ಕಡೆ ಹೊಡೆಯುತ್ತೆ. ಔಷಧಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ಮೇಲೂ ಕೆಲಸ ಮಾಡುತ್ತೆ ಅನ್ನೋದೇ ದೊಡ್ಡ ಆಸೆ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರು ಅಂತ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿದೆ. ಹಾಗಾಗಿ ಬೇರೆ ಅಸ್ತ್ರ ಬೇಕೇ ಬೇಕು.

ತಾಮ್ರ ಬ್ಯಾಕ್ಟೀರಿಯಾದೊಳಗೆ ಸುಡುವಂಥ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತೆ, ಹೊಸ ರಕ್ತನಾಳ ಬೆಳೆಯಲೂ ನೆರವಾಗುತ್ತೆ. ಸತುವು ಬೆಳ್ಳಿಯಷ್ಟು ಜೋರಲ್ಲ, ಆದರೆ ಎಲುಬು ಕಟ್ಟುವ ಕಿಣ್ವಕ್ಕೆ ಅದು ಬೇಕು. ಜೊತೆಗೆ ಸ್ಟ್ರಾನ್ಷಿಯಂ ಅನ್ನೋ ಇನ್ನೊಂದು ಧಾತು ಇದೆ. ಬ್ಯಾಕ್ಟೀರಿಯಾಕ್ಕಿಂತ ಎಲುಬಿನ ಬೆಳವಣಿಗೆಗೆ ಅದರ ಉಪಯೋಗ ಹೆಚ್ಚು. ಆದ್ದರಿಂದ ಬೆಳ್ಳಿಯ ಜೊತೆ ಸ್ಟ್ರಾನ್ಷಿಯಂ ಸೇರಿಸಿ, ಒಂದು ಕೊಲ್ಲಲಿ ಇನ್ನೊಂದು ಕಟ್ಟಲಿ ಅನ್ನೋ ಪ್ರಯತ್ನಗಳೂ ನಡೆದಿವೆ.

ಮಾಡುವ ವಿಧಾನ ಪಿಯುಸಿ ಕೆಮಿಸ್ಟ್ರಿ ಲ್ಯಾಬಿಗೆ ಹತ್ತಿರದ್ದೇ. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣಕ್ಕೆ ಸ್ವಲ್ಪ ಸಿಲ್ವರ್ ನೈಟ್ರೇಟ್ ಸೇರಿಸ್ತಾರೆ. ಅಮೋನಿಯಾ ಹಾಕಿ ಕ್ಷಾರೀಯ ಮಾಡಿ, ಫಾಸ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡ್ತಾರೆ. ಬಿಳಿ ಗಷ್ಟು ಕೂರುತ್ತೆ. ಸೋಸಿ, ಒಣಗಿಸಿ, ಕಾಯಿಸಿದರೆ ಪುಡಿ. ಅಯಾನ್ ನಿಜಕ್ಕೂ ಹರಳೊಳಗೆ ಹೋಯ್ತಾ ಅಂತ ಎಕ್ಸ್‌ರೇ ಹಾಯಿಸಿ ನೋಡ್ತಾರೆ. ಸತುವಿನ ಅಯಾನ್ ಕ್ಯಾಲ್ಸಿಯಂಗಿಂತ ಚಿಕ್ಕದು, ಹರಳು ಕುಗ್ಗುತ್ತೆ. ಬೆಳ್ಳಿಯದ್ದು ದೊಡ್ಡದು, ಹರಳು ಹಿಗ್ಗುತ್ತೆ. ಬೆಳ್ಳಿಯ ವಿದ್ಯುದಂಶ ಒಂದು, ಕ್ಯಾಲ್ಸಿಯಂನದ್ದು ಎರಡು, ಲೆಕ್ಕ ಸರಿಹೋಗಲು ಹರಳಿನಲ್ಲಿ ಎಲ್ಲೋ ಖಾಲಿ ಜಾಗ ಬಿಡಬೇಕಾಗುತ್ತೆ. ಹೀಗಾಗಿ ಒಂದು ಮಿತಿಯಾಚೆ ಹರಳು ಬೆಳ್ಳಿಗೆ ಜಾಗ ಕೊಡಲ್ಲ. ಪ್ಲಾಸ್ಮಾದ ಬಿಸಿಯಲ್ಲಿ ಬೆಳ್ಳಿ ಹೊರಬಂದು ಬೇರೆ ಕಣಗಳಾಗುವ ಸಾಧ್ಯತೆಯೂ ಇದೆ. ಅದಕ್ಕೇ ಕೆಲವರು ಬಿಸಿಯಿಲ್ಲದ ದಾರಿ ಹಿಡೀತಾರೆ: ದ್ರಾವಣದಲ್ಲಿ ಅದ್ದೋದು, ವಿದ್ಯುತ್ ಹಾಯಿಸಿ ಲೇಪ ಕೂರಿಸೋದು.

ಎಲ್ಲ ಇರೋದು ಹದದಲ್ಲಿ

ಇಲ್ಲಿಗೆ ಕಥೆ ಮುಗಿದಿದ್ದರೆ ಇಷ್ಟು ಹೊತ್ತಿಗೆ ಎಲ್ಲ ರಾಡಿಗೂ ಬೆಳ್ಳಿ ಇರ್ತಿತ್ತು. ಇಲ್ಲ ಯಾಕೆ?

ಮೊದಲನೇ ಕಾರಣ, ಬೆಳ್ಳಿಗೆ ನಮ್ಮವರು ಬೇರೆಯವರು ಅನ್ನೋ ಭೇದ ಇಲ್ಲ. ಪ್ರಮಾಣ ಜಾಸ್ತಿಯಾದರೆ ಎಲುಬಿನ ಜೀವಕೋಶವೂ ಸಾಯುತ್ತೆ. ಬ್ಯಾಕ್ಟೀರಿಯಾ ಸಾಯಲು ಸಾಕಾಗುವಷ್ಟು, ಎಲುಬಿಗೆ ತಡೆಯುವಷ್ಟು. ಈ ಎರಡು ಗೆರೆಗಳ ನಡುವಿನ ಜಾಗ ಇಕ್ಕಟ್ಟು. ಬೆಳ್ಳಿ ಶೇಕಡಾ ಎಷ್ಟು ಅನ್ನೋದರ ಮೇಲೆ ಇಷ್ಟೊಂದು ಪ್ರಬಂಧಗಳು ಬರೋದಕ್ಕೆ ಕಾರಣ ಇದೇ.

ಎರಡನೇದು ಸಮಯ. ಬಹಳಷ್ಟು ಲೇಪನಗಳು ಮೊದಲ ಒಂದೆರಡು ದಿನದಲ್ಲಿ ಒಮ್ಮೆಗೇ ಹೆಚ್ಚು ಅಯಾನ್ ಬಿಟ್ಟು, ಆಮೇಲೆ ಸೊರಗುತ್ತವೆ. ಮೊದಲ ದಿನಗಳ ಓಟ ಗೆಲ್ಲಲು ಅದು ಒಳ್ಳೇದೇ. ಆದರೆ ಐದನೇ ತಿಂಗಳಲ್ಲಿ ತಲೆ ಎತ್ತುವ ಸೋಂಕಿಗೆ?

ಮೂರನೇದು ಉಪ್ಪು. ನಮ್ಮ ಡೋಣಿ ನದಿಯ ನೀರು ಉಪ್ಪು ಅನ್ನೋದು ಗೊತ್ತಲ್ಲ. ಆ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಮೊಸರೊಡೆದಂತೆ ಬಿಳಿ ಗಷ್ಟು ಕೂರುತ್ತೆ. ಪಿಯುಸಿಯಲ್ಲಿ ಕ್ಲೋರೈಡ್ ಪರೀಕ್ಷೆ ಅಂತ ಎಲ್ಲ ಮಾಡಿದ್ದೇವೆ. ನಮ್ಮ ರಕ್ತದಲ್ಲೂ ಕ್ಲೋರೈಡ್ ಇದೆ, ಪ್ರೋಟೀನ್ ಇದೆ. ಲೇಪನದಿಂದ ಹೊರಟ ಬೆಳ್ಳಿಯಲ್ಲಿ ಒಂದು ಪಾಲು ಬ್ಯಾಕ್ಟೀರಿಯಾ ಮುಟ್ಟುವ ಮೊದಲೇ ಇವುಗಳ ಕೈಗೆ ಸಿಕ್ಕಿ ಸುಮ್ಮನಾಗಿಬಿಡುತ್ತೆ. ಆದ್ದರಿಂದ ಗಾಜಿನ ತಟ್ಟೆಯಲ್ಲಿ 99.9% ಬ್ಯಾಕ್ಟೀರಿಯಾ ಸತ್ತವು ಅಂತ ಓದಿದಾಗ ಕೇಳಬೇಕಾದ ಪ್ರಶ್ನೆ: ಎಂಥ ದ್ರವದಲ್ಲಿ, ಎಷ್ಟು ದಿನ? ಟೆಸ್ಟ್ ಸರ್ವರ್‌ನಲ್ಲಿ ಓಡಿದ ಕೋಡ್ ಗ್ರಾಹಕರ ಹತ್ತಿರವೂ ಓಡುತ್ತೆ ಅಂತ ನಮ್ಮಲ್ಲಿ ಯಾರೂ ನಂಬಲ್ಲ. ಇಲ್ಲೂ ಹಾಗೇ.

ನಾಲ್ಕನೇದು, ಬ್ಯಾಕ್ಟೀರಿಯಾ ಬೆಳ್ಳಿಗೂ ಒಗ್ಗಿಕೊಳ್ಳಬಲ್ಲವು. 1970ರ ದಶಕದಲ್ಲಿ ಅಮೆರಿಕದ ಸುಟ್ಟಗಾಯದ ವಾರ್ಡೊಂದರಲ್ಲಿ ಬೆಳ್ಳಿಯ ಔಷಧಕ್ಕೆ ಬಗ್ಗದ ಸಾಲ್ಮೊನೆಲ್ಲಾ ಸಿಕ್ಕಿತ್ತು. ಆಮೇಲೆ ಅದಕ್ಕೆ ಕಾರಣವಾದ ಜೀನ್‌ಗಳನ್ನೂ ಗುರುತಿಸಿದರು. ಅರೆಬರೆ ಪ್ರಮಾಣದಲ್ಲಿ ಬೆಳ್ಳಿ ಬಿಡುವ ಲೇಪನ ಒಂದು ಅರ್ಥದಲ್ಲಿ ಬ್ಯಾಕ್ಟೀರಿಯಾಕ್ಕೆ ಕೋಚಿಂಗ್ ಕ್ಲಾಸ್ ಆಗಬಹುದು.

ಬೆಂಗಳೂರಿನ ಲ್ಯಾಬು, ಜಪಾನಿನ ಕೀಲು

ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ರಿಸರ್ಚ್ ಸೆಂಟರ್‌ನಲ್ಲಿ ಪ್ರೊ. ಬಿಕ್ರಮ್‌ಜಿತ್ ಬಸು ಬಯೋಸೆರಾಮಿಕ್‌ಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದವರು. 2013ರಲ್ಲಿ ಎಂಜಿನಿಯರಿಂಗ್ ವಿಜ್ಞಾನದ ಭಟ್ನಾಗರ್ ಪ್ರಶಸ್ತಿ ಪಡೆದವರು. ಹೈಡ್ರಾಕ್ಸಿಅಪಟೈಟ್ ಜೊತೆ ಬೆಳ್ಳಿ, ಸತುವಿನ ಆಕ್ಸೈಡ್ ಬೆರೆಸಿದ ವಸ್ತುಗಳನ್ನು ಮಾಡಿ, ಅವುಗಳ ಮೇಲೆ ಜೀವಕೋಶ ಹೇಗೆ ಬೆಳೆಯುತ್ತೆ, ಬ್ಯಾಕ್ಟೀರಿಯಾ ಏನಾಗುತ್ತೆ ಅಂತ ನೋಡಿದ ಪ್ರಬಂಧಗಳು ಅವರ ತಂಡದಿಂದ ಬಂದಿವೆ. ಹರಳೊಳಗೆ ಅಯಾನ್ ಕೂರಿಸೋದು ಒಂದು ದಾರಿಯಾದರೆ, ಹೀಗೆ ಪಕ್ಕಪಕ್ಕದಲ್ಲಿ ಬೆರೆಸೋದು ಇನ್ನೊಂದು. ಎರಡಕ್ಕೂ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಕೊಲ್ಲಬೇಕಾದ್ದನ್ನು ಕೊಂದು, ಉಳಿಸಬೇಕಾದ್ದನ್ನು ಉಳಿಸಿತಾ?

ಲ್ಯಾಬ್ ದಾಟಿ ರೋಗಿಯ ತನಕ ಬಂದ ಉದಾಹರಣೆಗಳೂ ಇವೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಎಲುಬಿನ ಗೆಡ್ಡೆ ತೆಗೆದ ಮೇಲೆ ಹಾಕುವ ದೊಡ್ಡ ಇಂಪ್ಲಾಂಟ್‌ಗೆ ಬೆಳ್ಳಿ ಲೇಪಿಸಿದರು. 2010ರಲ್ಲಿ ಬಂದ ವರದಿಯಲ್ಲಿ ಬೆಳ್ಳಿ ಇದ್ದ 51 ರೋಗಿಗಳಲ್ಲಿ ಸೋಂಕು 5.9%, ಬರೀ ಟೈಟಾನಿಯಂ ಇದ್ದ 74 ಜನರಲ್ಲಿ 17.6%. ನೋಡಲು ದೊಡ್ಡ ವ್ಯತ್ಯಾಸ. ಆದರೆ ರೋಗಿಗಳ ಸಂಖ್ಯೆ ಚಿಕ್ಕದು, ಸಂಖ್ಯಾಶಾಸ್ತ್ರದ ಪ್ರಕಾರ ಖಚಿತ ಅನ್ನೋ ಗೆರೆಯನ್ನು ಅದು ದಾಟಿರಲಿಲ್ಲ. ಅದಕ್ಕಿಂತ ಮುಖ್ಯ ಮಾತು, ಎಲುಬಿನೊಳಗೆ ಇಳಿಯುವ ಭಾಗಕ್ಕೆ ಅವರು ಬೆಳ್ಳಿ ಹಚ್ಚಿರಲಿಲ್ಲ. ಅಲ್ಲಿ ಎಲುಬು ಬೆಳೆದು ಹಿಡಿಯಬೇಕಲ್ಲ!

ಎಲುಬು ಮುಟ್ಟುವ ಭಾಗಕ್ಕೇ ರಕ್ಷಣೆ ಕೊಡಬೇಕಾದಾಗ ಬೆಳ್ಳಿ ಸೇರಿಸಿದ ಹೈಡ್ರಾಕ್ಸಿಅಪಟೈಟ್ ಕೆಲಸಕ್ಕೆ ಬರೋದು. ಜಪಾನಿನ ಸಾಗಾ ವಿಶ್ವವಿದ್ಯಾಲಯದ ವೈದ್ಯರು ಮತ್ತು ಕ್ಯೋಸೆರಾ ಕಂಪನಿ ಸೇರಿ ಇಂಥ ಲೇಪನದ ಸೊಂಟದ ಕೀಲು ಮಾಡಿದರು. 2016ರಲ್ಲಿ ಅದು ಅಲ್ಲಿ ಬಳಕೆಗೆ ಬಂತು. ಪಿಂಗಾಣಿ ಎಲುಬನ್ನು ಕರೆಯುತ್ತೆ, ಬೆಳ್ಳಿ ಕಾವಲು ನಿಲ್ಲುತ್ತೆ.

ಹಾಗಂತ ನಾಳೆಯೇ ನಮ್ಮ ಆಸ್ಪತ್ರೆಯಲ್ಲಿ ‘ಬೆಳ್ಳಿ ರಾಡ್ ಹಾಕ್ರಿ’ ಅಂತ ಪಟ್ಟು ಹಿಡಿಯೋದು ಸರಿಯಲ್ಲ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ತೊಂದರೆ ಕಡಿಮೆಯಾಯ್ತು ಅಂತ ಖಚಿತವಾಗಿ ತೋರಿಸಲು ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ನೋಡಬೇಕು. ಬೆಲೆಯ ಪ್ರಶ್ನೆಯೂ ಇದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ ತೆರಿಗೆ ಬಿಟ್ಟು ₹54,720 ಮಿತಿ ಹಾಕಿದಾಗ ಎಷ್ಟೋ ಮನೆಗಳು ಉಸಿರಾಡಿದವು. ಹೊಸ ಲೇಪನದ ಹೆಸರಲ್ಲಿ ಆ ಬೆಲೆ ಮತ್ತೆ ಏರಿದರೆ ಯಾರಿಗೆ ಉಪಯೋಗ? ಇನ್ನೊಂದು ಕಡೆಯಿಂದ ನೋಡಿದರೆ, ಒಂದು ಸೋಂಕು ಅಂದರೆ ಎರಡು ಹೆಚ್ಚಿನ ಆಪರೇಷನ್, ತಿಂಗಳುಗಟ್ಟಲೆ ಔಷಧ, ಒಂದು ಹಂಗಾಮಿನ ದುಡಿಮೆ. ಲೆಕ್ಕ ಹಾಕುವಾಗ ಎರಡೂ ತಕ್ಕಡಿಯಲ್ಲಿ ಇರಬೇಕು.

ಅಲ್ಲಿಯ ತನಕ ನಮ್ಮ ಕೈಲಿರೋದು

ನಿಮ್ಮ ಅಪ್ಪ, ಅವ್ವ, ಆಯಿ ಯಾರಿಗಾದರೂ ಮುಂದೆ ಕೀಲು ಬದಲಿಸುವ ದಿನ ಗೊತ್ತಾಗಿದೆಯಾ? ಸೋಂಕು ತಡೆಯುವ ಕೆಲಸ ಆಪರೇಷನ್ ಥಿಯೇಟರಿಗಿಂತ ಮೊದಲೇ ಶುರುವಾಗುತ್ತೆ.

ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದು ಹತೋಟಿಗೆ ಬರಲಿ. ಬೀಡಿ, ಸಿಗರೇಟು ನಿಲ್ಲಲಿ. ಗಾಯ ಮಾಯಲು ರಕ್ತ ಹರಿಯಬೇಕು, ಹೊಗೆ ಅದನ್ನೇ ತಡೆಯುತ್ತೆ. ಹುಳುಕು ಹಲ್ಲು, ಕಾಲಿನ ಬೆರಳ ಸಂದಿಯ ಹುಣ್ಣು, ಮೂತ್ರದ ಉರಿ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ‘ಇದೇನ್ ದೊಡ್ಡದ ಬಿಡ್ರಿ’ ಅಂತ ನಮ್ಮ ಹಿರಿಯರು ಬಿಟ್ಟುಬಿಡೋದು ಇವನ್ನೇ. ಆದರೆ ಅಲ್ಲಿನ ಬ್ಯಾಕ್ಟೀರಿಯಾ ರಕ್ತದಲ್ಲಿ ಹೋಗಿ ಹೊಸ ಕೀಲಿನ ಮೇಲೆ ಟವೆಲ್ ಹಾಕಬಲ್ಲವು. ಆಪರೇಷನ್ನಿಗೆ ಮುಂಚೆ ಆ್ಯಂಟಿಬಯಾಟಿಕ್ ಯಾವಾಗ ಕೊಡ್ತೀರಿ ಅಂತ ಕೇಳೋದರಲ್ಲಿ ತಪ್ಪಿಲ್ಲ. ಸಾಮಾನ್ಯವಾಗಿ ಕೊಡೋದು ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ.

ಇಂಪ್ಲಾಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ಪಡೆಯಿರಿ. ಕಂಪನಿ, ಬ್ಯಾಚ್ ನಂಬರ್, ಯಾವ ಲೋಹ, ಲೇಪನ ಇದೆಯಾ ಎಲ್ಲ ಅದರಿಂದ ತಿಳಿಯುತ್ತೆ. ಮೊಣಕಾಲಿನದ್ದಾದರೆ ಇಂಪ್ಲಾಂಟಿನ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು ಅನ್ನೋದು 2017ರ ಆದೇಶದಲ್ಲೇ ಇದೆ. ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ ಪಿನ್ ಮಾಡಿ. ಮುಂದೆ ಏನಾದರೂ ತೊಂದರೆಯಾದರೆ ಮೊದಲು ಕೇಳೋದು ಅದನ್ನೇ. ವೈದ್ಯಕೀಯ ಸಾಧನಗಳಿಂದಾದ ತೊಂದರೆ ವರದಿ ಮಾಡಲು 2015ರಿಂದ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ವ್ಯವಸ್ಥೆ ಇದೆ, ಅಲ್ಲೂ ಈ ವಿವರ ಬೇಕು.

ಕೊನೆಯದಾಗಿ, ಮನೆಗೆ ಬಂದ ಮೇಲೆ ಗಾಯ ಕೆಂಪಾದರೆ, ಬಿಸಿಯಾದರೆ, ಸೋರಿದರೆ, ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿಸಬೇಡಿ. ಅರೆಬರೆ ಆ್ಯಂಟಿಬಯಾಟಿಕ್ ಕೀವನ್ನು ಮರೆಮಾಡುತ್ತೆ, ಯಾವ ಬ್ಯಾಕ್ಟೀರಿಯಾ ಅಂತ ಪರೀಕ್ಷೆಯಲ್ಲಿ ಸಿಗದಂತೆಯೂ ಮಾಡುತ್ತೆ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಹೋಗಿ, ಅದೇ ವಾರ ಹೋಗಿ. ಬಯೋಫಿಲ್ಮ್ ಗಟ್ಟಿಯಾಗುವ ಮೊದಲು ಸಿಕ್ಕರೆ ತೊಳೆದು ಇಂಪ್ಲಾಂಟನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತೆ. ತಡವಾದಷ್ಟೂ ತೆಗೆಯೋದೊಂದೇ ದಾರಿ.